ಆರು ತಿಂಗಳ ಅಕ್ಕಿ

ಕರಂಗ್‌ಮುಂಚರ್, ಜಾವಾ
೨೭ ಏಪ್ರಿಲ್ ೧೯೯೮, ಸೋಮವಾರ

ಪ್ರೀತಿಯ ಲಿಯಾನ್,

ಸುರಬಾಯದಲ್ಲಿ ನೀವೆಲ್ಲ ಚೆನ್ನಾಗಿದ್ದೀರಿ, ಚಿಕ್ಕವಳ ಕೆಮ್ಮು ನಿಂತಿದೆ ಎಂದುಕೊಂಡು ಬರೆಯಲು ಕೂತಿದ್ದೇನೆ. ನಿನ್ನ ಮೂರು ಕಾಗದಗಳೂ ಕೈಸೇರಿವೆ. ಮೊದಲನೆಯದಕ್ಕೆ ಮಾರನೆಯ ದಿನವೇ ಉತ್ತರ ಬರೆಯಬೇಕಿತ್ತು. ನಾಲ್ಕು ಸಲ ಶುರುಮಾಡಿ ನಾಲ್ಕು ಸಲವೂ ಒಲೆಗೆ ಹಾಕಿದೆ. ನನ್ನ ಮಗಳು ವೆನಿಂಗ್, "ಅಮ್ಮಾ, ನನ್ನ ನೋಟುಬುಕ್ಕೆಲ್ಲ ಖಾಲಿ ಮಾಡ್ತಿದೀಯ, ಪರೀಕ್ಷೆ ನೀನೇ ಬರೀತೀಯಾ?" ಎಂದು ಗೊಣಗುತ್ತಿದ್ದಾಳೆ. ತಡವಾದದ್ದಕ್ಕೆ ಸಿಟ್ಟಾಗಬೇಡ. ಒಂದೇ ಬೆಂಚಿನಲ್ಲಿ ಆರು ವರ್ಷ ಕೂತವಳು ನೀನು, ನನ್ನ ಸೋಮಾರಿತನ ನಿನಗೆ ಹೊಸದಲ್ಲ.

ಮೊದಲು ನಿನ್ನಪ್ಪನ, ನಮ್ಮ ಸ್ವಿ ಮಾವನ ವಿಷಯ. ತಲೆಯ ಗಾಯ ಮಾಗಿದೆ, ಹೊಲಿಗೆ ಹಾಕಿದ ಜಾಗದಲ್ಲಿ ಕೂದಲೂ ಬರುತ್ತಿದೆ. ಬೆಳಿಗ್ಗೆ ಕೋಲೂರಿಕೊಂಡು ಹಿತ್ತಿಲಿಗೆ ಹೋಗಿ ತೊಟ್ಟಿಯ ಮೀನುಗಳಿಗೆ ತೌಡು ಹಾಕುತ್ತಾರೆ. ನುಗ್ಗೆಸೊಪ್ಪಿನ ಸಾರು ಬಡಿಸಿದರೆ, "ಕುಸ್ತಿನಾ, ನಾನೇನು ಮೇಕೆಯೇನಮ್ಮಾ?" ಅನ್ನುತ್ತಾರೆ, ಆದರೆ ಬಟ್ಟಲು ಖಾಲಿ ಮಾಡುತ್ತಾರೆ. ಮಾತು ಮಾತ್ರ ಕಡಿಮೆ. ಗುರುವಾರ ಅವರನ್ನು ಕರೆದೊಯ್ಯಲು ನಿನ್ನ ಮೈದುನ ಕಾರು ತರುತ್ತಾನೆಂದು ಬರೆದಿದ್ದೀಯಲ್ಲ, ಹೇಳಿದ್ದೇನೆ. ಅವರ ಬಟ್ಟೆ ಒಗೆದು ಮಡಚಿಟ್ಟಿದ್ದೇನೆ. ಇರುವುದೇ ಮೂರು ಜೊತೆ, ಅದರಲ್ಲಿ ಎರಡು ನನ್ನ ಗಂಡನವು.

ಆ ದಿನ ಏನಾಯಿತು, ಮೊದಲಿಂದ ಹೇಳು, ಅಪ್ಪ ಫೋನಿನಲ್ಲಿ ಏನೂ ಹೇಳುವುದಿಲ್ಲ ಎಂದು ಮೂರು ಕಾಗದಗಳಲ್ಲೂ ಕೇಳಿದ್ದೀಯ. ಹೇಳುತ್ತೇನೆ.

ನನ್ನ ಗಂಡ ದರ್ಸೊನೊ ಎಂಥವರೆಂದು ನಿನಗೆ ಗೊತ್ತು. ನಮ್ಮ ಮದುವೆಯಲ್ಲಿ ನೀನೇ ನನ್ನ ಕಿವಿಯಲ್ಲಿ, "ಕುಸ್, ಈ ಮನುಷ್ಯ ನಗೋಕೂ ಚೀಟಿ ಬರೆದು ಇಡ್ತಾನೆ ಕಣೆ" ಅಂದಿದ್ದೆ. ಅವರಿಗೆ ಹನ್ನೊಂದು ವರ್ಷವಾಗಿದ್ದಾಗ ಬಂದ ಹಸಿವಿನ ವರ್ಷದಲ್ಲಿ ಅವರ ತಮ್ಮ ನಂಜಿರುವ ಕಾಡುಗೆಣಸನ್ನು ಸರಿಯಾಗಿ ನೆನೆಸದೆ ತಿಂದು ಸತ್ತನಂತೆ. ಆಮೇಲಿನ ಬದುಕೆಲ್ಲ ಅವರು ಆ ವರ್ಷ ಮತ್ತೆ ಬರುವುದನ್ನೇ ಕಾಯುತ್ತಿದ್ದರು. ಐಸ್ ಕಾರ್ಖಾನೆಯಲ್ಲಿ ಡೀಸೆಲ್ ಎಂಜಿನ್ ನೋಡಿಕೊಳ್ಳುವ ಕೆಲಸ ಮುಗಿಸಿ ಬಂದರೆ ಮನೆಯಲ್ಲಿ ಎರಡನೇ ಕೆಲಸ. ಎಂಟು ಕಬ್ಬಿಣದ ಡ್ರಮ್ಮುಗಳಲ್ಲಿ, ಹುಳು ಹಿಡಿಯದಂತೆ ಬೂದಿ, ಒಣಎಲೆ ಬೆರೆಸಿದ ಅಕ್ಕಿ. ಮರಗೆಣಸಿನ ಒಣ ಚೂರುಗಳು, ಉಪ್ಪುಮೀನು, ಸೀಮೆಎಣ್ಣೆ, ಉಪ್ಪು. ಅಡುಗೆಮನೆಯೊಳಗೇ ಕೈಪಂಪು. ಬೇಲಿ ತುಂಬಾ ನುಗ್ಗೆ. ಮುಂಬಾಗಿಲಿಗೆ ತೊಡೆ ದಪ್ಪದ ಮರದ ಅಗುಳಿ. ನಾವು ಮೂವರು, ಜೊತೆಗೆ ಹಾಸಿಗೆ ಹಿಡಿದ ಅತ್ತೆ, ನಾಲ್ಕು ಹೊಟ್ಟೆಗೆ ಆರು ತಿಂಗಳು. ತಿಂಗಳಿಗೊಂದು ಭಾನುವಾರ ದೀಪವಿಲ್ಲ, ಪೇಟೆಯಿಲ್ಲ, ಕೂಡಿಟ್ಟಿದ್ದನ್ನೇ ಉಣ್ಣಬೇಕು. ಅಭ್ಯಾಸವಂತೆ. ಬೀದಿಯವರು ಅವರನ್ನು, ಪ್ರಳಯಕ್ಕೆ ಮೊದಲೇ ಹಡಗು ಕಟ್ಟಿದ ನೂಹ್ ಪ್ರವಾದಿ ಅಂತಲೇ ಕರೆಯುತ್ತಿದ್ದರು. "ಪ್ರವಾದಿಗಳೇ, ಹಡಗು ಯಾವಾಗ ಹೊರಡುತ್ತೆ? ನಮ್ಮ ಮನೆ ಹೇಂಟೆಗೂ ಒಂದು ಸೀಟು ಇಡಿ!" ನನಗೆ ನಾಚಿಕೆಯಾಗುತ್ತಿತ್ತು.

ಜನವರಿಯಲ್ಲಿ ನಮ್ಮ ರುಪಿಯಾದ ಬೆಲೆ ಬಿತ್ತಲ್ಲ, ಆಗ ಯಾರೂ ನಗಲಿಲ್ಲ. ಎಣ್ಣೆಯ ಬೆಲೆ ಬೆಳಿಗ್ಗೆ ಒಂದು, ಸಂಜೆ ಒಂದು. ದೋಣಿಗಳಿಗೆ ಡೀಸೆಲ್ ಇಲ್ಲ, ಮೀನಿಲ್ಲ, ಮೀನಿಲ್ಲದ ಮೇಲೆ ಐಸ್ ಯಾರಿಗೆ ಬೇಕು? ಕಾರ್ಖಾನೆ ಬಾಗಿಲು ಹಾಕಿತು. ಎದುರುಮನೆಯ ಙಾತಿರಾ ಮಕ್ಕಳಿಗೆ ಗಂಜಿಯ ತಿಳಿ ಕುಡಿಸುತ್ತಿದ್ದಳು. ಅವಳಿಗೆಂದು ಒಂದು ಸೇರು ಅಕ್ಕಿ ಸೆರಗಿನಲ್ಲಿ ಕಟ್ಟಿಕೊಂಡು ಹೊರಟ ನನ್ನನ್ನು ನನ್ನ ಗಂಡ ಬಾಗಿಲಲ್ಲೇ ತಡೆದರು.

"ಇವತ್ತು ಒಂದು ಸೇರು ಕೊಡ್ತೀಯ. ನಾಳೆ ಬೀದಿಗೆ ಬೀದಿನೇ ಬರುತ್ತೆ. ಇಲ್ಲ ಅಂದ ದಿನ ಇವರೇ ನಮ್ಮ ಕತ್ತು ಕುಯ್ತಾರೆ."

"ಮಕ್ಕಳು ರೀ ಅವು."

"ನನ್ನ ತಮ್ಮನೂ ಮಗೂನೇ."

"ನೀವು ಕಲ್ಲು," ಅಂದೆ. "ಎಂಟು ಡ್ರಮ್ಮಿನ ಜೊತೆ ನಿಮ್ಮನ್ನೂ ಒಂದು ಡ್ರಮ್ಮಲ್ಲಿ ಹಾಕಿ ಮುಚ್ಚಬೇಕು." ಆಮೇಲೆ ಹಿತ್ತಿಲಿಂದ ಕದ್ದು ಕೊಟ್ಟು ಬಂದೆ. ಊರಿಗೆಲ್ಲ ನಾನು ಒಳ್ಳೆಯವಳು ಲಿಯಾನ್. ಕೈ ಬಿಗಿ ಮನುಷ್ಯ ಅವರು.

ಫೆಬ್ರವರಿ ಎರಡನೇ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಪೇಟೆಯಲ್ಲಿ ಎಣ್ಣೆಯ ಬೆಲೆಗೆ ಜಗಳ ಹತ್ತಿತು. ಯಾರು ಯಾರಿಗೆ ಮೊದಲು ಹೊಡೆದರೋ ಒಬ್ಬೊಬ್ಬರದು ಒಂದೊಂದು ಕಥೆ. ಅರ್ಧ ಗಂಟೆಯಲ್ಲಿ, ಚೀನೀಯರೇ ಸಾಮಾನು ಬಚ್ಚಿಟ್ಟಿದ್ದಾರೆ ಎಂಬ ಕೂಗು ಎದ್ದಿತು. ನಿಮ್ಮವರ ಹನ್ನೊಂದು ಅಂಗಡಿಗಳ ಕಬ್ಬಿಣದ ಬಾಗಿಲುಗಳನ್ನು ಹಾರೆಯಿಂದ ಮೀಟಿ ಎಬ್ಬಿಸಿದರು. ಹೊರಗಿನಿಂದ ಬಂದವರು ಎಂದು ಈಗ ಎಲ್ಲರೂ ಹೇಳುತ್ತಾರೆ. ಹೊರಗಿನವರಿದ್ದರು, ನಿಜ. ನಮ್ಮ ಸೂರು ರಿಪೇರಿ ಮಾಡಿದ ತಾರ್ಮುಜಿಯೂ ಇದ್ದ. ನಿಮ್ಮ ಅಂಗಡಿಯಿಂದ ಸಕ್ಕರೆ ಮೂಟೆ ಹೊತ್ತೊಯ್ದ ಹೆಂಗಸರಲ್ಲಿ ನಮ್ಮ ಬೀದಿಯವರೇ ಇಬ್ಬರು. ಮೂಟೆಗಳು ಮುಗಿದ ಮೇಲೆ ಬೆಂಕಿ ಇಟ್ಟರು.

ನನ್ನ ಗಂಡ ಹೊಗೆ ಕಂಡ ಕೂಡಲೇ, ಇದು ಈ ನೆಲದವರ ಮನೆ, ಚೀನೀಯರದಲ್ಲ ಎಂದು ಗೋಡೆಯ ಮೇಲೆ ಇದ್ದಿಲಿನಲ್ಲಿ ದೊಡ್ಡದಾಗಿ ಬರೆದರು. ಆ ದಿನ ಎಲ್ಲರೂ ಬರೆದರು. ವೆನಿಂಗಳನ್ನು ಉಗ್ರಾಣದಲ್ಲಿ ಗೋಣಿಚೀಲಗಳ ಕೆಳಗೆ ಮಲಗಿಸಿದರು. ಅವಳಿಗೆ ಹದಿನಾಲ್ಕು, ನಿನಗೆ ಹೆಚ್ಚು ಹೇಳಬೇಕಿಲ್ಲ. ಅಗುಳಿ ಹಾಕಿ ಕಿಟಕಿಯ ಸಂದಿಯಲ್ಲಿ ಕಣ್ಣಿಟ್ಟು ನಿಂತರು. ಅವರ ಮುಖದಲ್ಲಿ ಭಯವೇ ಇರಲಿಲ್ಲ. ಮೂವತ್ತು ವರ್ಷ ಕಾದ ನೆಂಟ ಕೊನೆಗೂ ಬಂದ ಹಾಗೆ ಇದ್ದರು.

ನಿನ್ನಪ್ಪ ಹಿಂದಿನ ಚರಂಡಿಗೆ ಇಳಿದು ನಮ್ಮ ಬೀದಿಗೆ ಬಂದರು. ಮೈಯೆಲ್ಲ ಕೊಚ್ಚೆ, ಹಣೆಯಿಂದ ರಕ್ತ ಇಳಿದು ಒಂದು ಕಣ್ಣು ಮುಚ್ಚಿಹೋಗಿತ್ತು. ಒಂದು ಮನೆಯ ಬಾಗಿಲು ಬಡಿದರು. ಇನ್ನೊಂದು. ಮತ್ತೊಂದು. ಙಾತಿರಾ ಕಿಟಕಿಯೊಳಗಿಂದ, "ಹೋಗಿ ಮಾವ, ಹೋಗಿ, ಮಕ್ಕಳಿದಾರೆ" ಎಂದು ಅಳುತ್ತಾ ಹೇಳಿದ್ದು ನಮಗೆ ಕೇಳಿತು. ಹಿಂದೆ ಏಳೆಂಟು ಜನ, ಅವರಲ್ಲಿ ತಾರ್ಮುಜಿಯೂ ಒಬ್ಬ, ಕಬ್ಬಿಣದ ಸಲಾಕೆ ಹಿಡಿದು ಬರುತ್ತಿದ್ದರು. ನಿನ್ನಪ್ಪ ನಮ್ಮ ಬಾವಿಕಟ್ಟೆಯ ಹತ್ತಿರ ಎಡವಿ ಬಿದ್ದರು. ಒಬ್ಬ ಅವರ ಬೆನ್ನಿಗೆ ಒದ್ದ. ಇನ್ನೊಬ್ಬ, "ಏಳೋ ಮುದಿಯಾ, ಅಕ್ಕಿ ಎಲ್ಲಿ ಬಚ್ಚಿಟ್ಟಿದೀಯ ಹೇಳು!" ಎಂದು ಕೂದಲು ಹಿಡಿದು ತಲೆಯನ್ನು ಕಲ್ಲಿಗೆ ಅಪ್ಪಳಿಸಿದ. ಆ ಸದ್ದು ಒಳಗೆ ನಿಂತ ನನ್ನ ಹಲ್ಲಿಗೆ ತಾಗಿತು.

ನಾನು ನನ್ನ ಗಂಡನ ತೋಳು ಹಿಡಿದುಕೊಂಡಿದ್ದೆ. ಅವರು ನನ್ನನ್ನು ನೋಡಲಿಲ್ಲ.

"ಸ್ವಿ ಮಾವ ಕಣೆ," ಅಂದರು. ಅಷ್ಟೇ. ಎಂಜಿನ್ ತಿರುಗಿಸುವ ಕಬ್ಬಿಣದ ಹಿಡಿ ಮೂಲೆಯಲ್ಲಿತ್ತು, ಅದನ್ನು ಎತ್ತಿಕೊಂಡರು. ಅಗುಳಿ ತೆಗೆದು ಹೊರಗೆ ಹೋದರು.

ಒಂದು ಸೇರು ಅಕ್ಕಿ ಕೊಡದ ಮನುಷ್ಯ.

ಅವರು ಹೊಡೆದಾಡುವುದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಮೊದಲ ಏಟಿಗೇ ತಾರ್ಮುಜಿಯ ಮುಂಗೈ ಒಣ ಸೌದೆಯಂತೆ ಮುರಿಯಿತು. ಎರಡನೆಯದು ಇನ್ನೊಬ್ಬನ ದವಡೆಗೆ. ಅವನು ಬಾಯಿ ತುಂಬಾ ರಕ್ತ, ಹಲ್ಲು ಉಗುಳುತ್ತಾ ಕೂತುಬಿಟ್ಟ. ಉಳಿದವರು ಕ್ಷಣ ಬೆಚ್ಚಿ ಹಿಂದೆ ಸರಿದರು. ಅಷ್ಟರಲ್ಲಿ ಇವರು ನಿನ್ನಪ್ಪನ ಕಂಕುಳಿಗೆ ಕೈ ಹಾಕಿ ದರದರ ಎಳೆದು ತಂದರು. ಬೆನ್ನ ಮೇಲೆ ಕಲ್ಲು ಬೀಳುತ್ತಿದ್ದವು. "ಹಿಡಿ, ಕುಸ್!" ಎಂದು ನಿನ್ನಪ್ಪನನ್ನು ಹೊಸ್ತಿಲೊಳಗೆ ತಳ್ಳಿದರು. ನಾನು ಹಿಡಿದು ಎಳೆದುಕೊಂಡೆ. ಆಗ ಒಬ್ಬ ಅವರ ಅಂಗಿ ಹಿಡಿದು ಹಿಂದಕ್ಕೆ ಜಗ್ಗಿದ.

ಅವರಿಗೆ ಒಳಗೆ ಬರಲಾಗಲಿಲ್ಲ. ನಮ್ಮ ಮೆಟ್ಟಿಲ ಮೇಲೇ ಅವರನ್ನು ಹೊಡೆದರು. ಎಷ್ಟು ಹೊತ್ತು ಎಂದು ನನಗೆ ಗೊತ್ತಿಲ್ಲ. ಸಲಾಕೆ ಕಲ್ಲಿಗೆ ಬಿದ್ದರೆ ಒಂದು ಸದ್ದು, ಮನುಷ್ಯನಿಗೆ ಬಿದ್ದರೆ ಬೇರೆ ಸದ್ದು. ಯಾರೋ ಸೈನಿಕರ ಲಾರಿ ಬಂತೆಂದು ಕೂಗಿದ ಮೇಲೆ ಆ ಜನ ಓಡಿದರು. ಬಾಗಿಲು ತೆರೆದಾಗ ಅವರಿಗೆ ಉಸಿರಿತ್ತು. ಸೈಕಲ್ ರಿಕ್ಷಾದಲ್ಲಿ ಮಡಿಲಿಗೆ ಹಾಕಿಕೊಂಡು ಆಸ್ಪತ್ರೆಗೆ ಹೊರಟೆ. ಸೇತುವೆ ದಾಟುವಾಗ ಮಡಿಲಲ್ಲಿದ್ದ ಅವರ ತಲೆ ಭಾರವಾಯಿತು. ರಿಕ್ಷಾದವನು ತಿರುಗಿ ನೋಡಿ, "ಅಮ್ಮಾ, ಇನ್ನು ನಿಧಾನವಾಗಿ ಹೋಗೋಣ್ವಾ?" ಎಂದ.

ಅವರು ಹೋದ ಏಳನೇ ದಿನದ ಊಟಕ್ಕೆ ಎಂಟು ಡ್ರಮ್ಮನ್ನೂ ತೆರೆಸಿದೆ. ಮುಂದಿನ ತಿಂಗಳಿಗೆ ಏನು ಎಂದು ಅತ್ತೆ ಹಾಸಿಗೆಯಿಂದಲೇ ಅತ್ತರು. ಇಡೀ ಬೀದಿ ಬಂದು ಅಂಗಳದಲ್ಲಿ ಚಾಪೆ ಹಾಸಿ ಕೂತು ಉಂಡಿತು. ಉಳಿದದ್ದನ್ನು ಹಂಚಿದೆ. ಕೊನೆಯ ಪಂಕ್ತಿಯಲ್ಲಿ ತಾರ್ಮುಜಿ ಬಂದು ಕೂತ, ಕೈಗೆ ಬಿದಿರ ದಬ್ಬೆ ಕಟ್ಟಿಕೊಂಡು. ನಾನು ಬಡಿಸುತ್ತಾ ಬಂದವಳು ಅವನ ಮುಂದೆ ನಿಂತೆ. ಕೈಯಲ್ಲಿ ಅನ್ನದ ಸೌಟು. ಆ ದಬ್ಬೆ ಕಟ್ಟಿದ ಕೈ ಮೇಲೇ ಹೊಡೆದೆ. ಮತ್ತೆ ಹೊಡೆದೆ. ಅವನು ಪ್ರಾಣಿಯಂತೆ ಅರಚಿದ. ಮೂರನೇ ಏಟಿಗೆ ದಬ್ಬೆ ಸೀಳಿ ರಕ್ತ ಬಂದು ಎಲೆಯ ಮೇಲೆ ಬಿತ್ತು. ಹೆಂಗಸರು ನನ್ನ ಸೊಂಟ ಹಿಡಿದು ಎಳೆದರು.

"ಬಿಡಿ ಅವರನ್ನ," ಅಂದ ತಾರ್ಮುಜಿ. "ಹೊಡಿ ಅಕ್ಕಾ. ಇನ್ನೊಂದು ಕೈನೂ ಇದೆ."

ಹೊಡೆಯಲಿಲ್ಲ. ಬೇರೆ ಎಲೆ ಹಾಕಿ ಬಡಿಸಿದೆ. ಅವನು ಎಡಗೈಯಲ್ಲಿ ಉಂಡ. ಅವನ ಮೇಲೆ ದೂರು ಕೊಡು ಎಂದು ಎಲ್ಲರೂ ಹೇಳಿದರು, ನಾನು ಕೊಟ್ಟಿಲ್ಲ. ಯಾಕೆ ಎಂದು ವೆನಿಂಗ್ ದಿನಾ ಕೇಳುತ್ತಾಳೆ.

ಈಗ ನಮ್ಮ ದಿನಗಳು ಹೀಗೆ: ನುಗ್ಗೆಸೊಪ್ಪು ಪೇಟೆಗೆ ಕಳಿಸುತ್ತೇನೆ, ತೊಟ್ಟಿಯ ಮೀನು ಮಾರುತ್ತೇನೆ. ನೀರಿಗೆ ಪಂಪಿದೆ. ಅವರು ಮಾಡಿಟ್ಟದ್ದರಲ್ಲೇ ಬದುಕುತ್ತಿದ್ದೇವೆ. ಬೀದಿಯವರು ಬೇಲಿಯ ನುಗ್ಗೆ ಕೊಂಬೆ ಮುರಿದುಕೊಂಡು ಹೋಗಿ ತಮ್ಮ ಹಿತ್ತಿಲಲ್ಲಿ ನೆಡುತ್ತಿದ್ದಾರೆ. ಅಕ್ಕಿಗೆ ಬೂದಿ ಎಷ್ಟು ಹಾಕಬೇಕು ಎಂದು ಙಾತಿರಾ ಕೇಳಿಕೊಂಡು ಹೋದಳು.

ನಿನ್ನ ಮೂರನೇ ಕಾಗದದಲ್ಲಿ, ನನ್ನಪ್ಪನ ಜೀವ ಉಳಿಸಿದ ನಿಮ್ಮಿಬ್ಬರ ಕಾಲಿಗೆ ಬೀಳುತ್ತೇನೆ ಎಂದು ಬರೆದಿದ್ದೀಯ. ಹಾಗೆ ಬರೆಯಬೇಡ. ನಿನ್ನ ಮನೆ ತಂಪಾಗಿರಲಿ, ಮಕ್ಕಳು ಹೊಟ್ಟೆ ತುಂಬಾ ಉಂಡು ಬೆಳೆಯಲಿ, ನಿನ್ನಪ್ಪ ಇನ್ನೂ ಹತ್ತು ವರ್ಷ ನಿನ್ನ ಅಡುಗೆಗೆ ಹೆಸರಿಡುತ್ತಿರಲಿ.

ನಿನ್ನ
ಕುಸ್ತಿನಾ

ಮರೆತ ಮಾತು: ಮರೆತದ್ದಲ್ಲ. ಹಾಗೆ ಬರೆಯಬಾರದು.

ಅಂಗಿ ಹಿಡಿದವನ ಕೈಯಿಂದ ನನ್ನ ಗಂಡ ಬಿಡಿಸಿಕೊಂಡಿದ್ದರು. ಅಂಗಿ ಹರಿದು ಅವನ ಕೈಯಲ್ಲಿ ಉಳಿಯಿತು, ಇವರು ಬಾಗಿಲ ಕಡೆ ತಿರುಗಿದರು. ಎರಡು ಹೆಜ್ಜೆ. ಆಮೇಲೆ ನಾನೇ ಎಷ್ಟೋ ಸಲ ನಡೆದು ನೋಡಿದ್ದೇನೆ, ಎರಡೇ ಹೆಜ್ಜೆ. ಅವರ ಹಿಂದೆ ನಾಲ್ಕು ಜನ ಬರುತ್ತಿದ್ದರು. ಆಗ ನಾನು ಬಾಗಿಲು ಮುಚ್ಚಿ ಅಗುಳಿ ಹಾಕಿದೆ. ವೆನಿಂಗ್ ಒಳಗಿದ್ದಳು ಎಂದು ಹೇಳಬಹುದು. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ವೆನಿಂಗ್ ಇರಲಿಲ್ಲ ಲಿಯಾನ್, ಯಾರೂ ಇರಲಿಲ್ಲ. ಅವರು ನನ್ನ ಹೆಸರು ಹಿಡಿದು ಕೂಗಿದರು. ಮೊದಲು ಜೋರಾಗಿ, ಆಮೇಲೆ ಮನೆಯೊಳಗೆ ಕರೆಯುವ ಹಾಗೆ. ನಾನು ಅಗುಳಿಗೆ ಬೆನ್ನು ಕೊಟ್ಟು ನಿಂತಿದ್ದೆ. ಮಣ್ಣು ಮಾಡುವ ಮುಂಚೆ ಮೈ ತೊಳೆಯುವಾಗ ಅವರ ಉಗುರುಗಳ ಸಂದಿಯಲ್ಲಿ ನಮ್ಮ ಬಾಗಿಲಿನ ಹಸಿರು ಬಣ್ಣ ಇತ್ತು. ಯಾರೂ ಬರುವ ಮೊದಲು ಕಡ್ಡಿಯಿಂದ ತೆಗೆದೆ.

ನಿನ್ನಪ್ಪ ನೆಲದ ಮೇಲೆ ಬಿದ್ದುಕೊಂಡು, ತೆರೆದಿದ್ದ ಒಂದೇ ಕಣ್ಣಿನಲ್ಲಿ ಎಲ್ಲ ನೋಡಿದ್ದಾರೆ. ಪೊಲೀಸರು ಬಂದು ಕೇಳಿದಾಗ, ನಾನು ಬಾಯಿ ತೆರೆಯುವ ಮುಂಚೆ ಅವರೇ ಹೇಳಿದರು: "ಗಾಳಿಗೆ ಬಾಗಿಲು ಹಾಕಿಕೊಂಡುಬಿಡ್ತು ಸ್ವಾಮಿ. ನನ್ನ ಕಾಲು ಅಡ್ಡ ಇತ್ತು, ಈ ಹುಡುಗಿ ಎಷ್ಟು ಎಳೆದ್ರೂ ತೆರೀಲಿಲ್ಲ." ಅಂದಿನಿಂದ ಆ ಮಾತು ನಮ್ಮಿಬ್ಬರ ನಡುವೆ ಬಂದಿಲ್ಲ. ಗುರುವಾರ ಅವರು ನಿನಗೂ ಅದನ್ನೇ ಹೇಳುತ್ತಾರೆ. ಎಪ್ಪತ್ತಾರು ವರ್ಷದ ಮನುಷ್ಯ ನನಗಾಗಿ ಮಗಳ ಮುಂದೆ ಸುಳ್ಳು ಹೇಳುವುದು ಬೇಡ. ಅವರಿಗೆ ಮೊದಲೇ ತಿಳಿಸಿಬಿಡು, ನಾನು ಬರೆದಿದ್ದೇನೆ ಎಂದು.