ಪಟ್ಟಿಗೇ ಅಂಟಿಕೊಂಡು ಬೆಳೆದದ್ದು

ಆಗಸ್ಟ್ ೧೯, ಮಂಗಳವಾರ

ಆ ಅಪ್ಪ ಕೈ ಮುಗಿದದ್ದು ಕಣ್ಣ ಮುಂದಿಂದ ಹೋಗ್ತಾನೇ ಇಲ್ಲ.

ಅವರ ಮಗನ ರಕ್ತದಲ್ಲಿ ಫಂಗಸ್. ಯಾವ ಔಷಧ ನಾಟುತ್ತೆ ಅಂತ ನೋಡೋಕೆ ಮೊದಲು ಅದನ್ನ ಲ್ಯಾಬಲ್ಲಿ ಬೆಳೆಸ್ಬೇಕು. ಅದಕ್ಕೇ ದಿನಾ ಲ್ಯಾಬ್ ಕಿಟಕಿ ಹತ್ರ ಬಂದು ಕೇಳೋರು, "ಬೆಳೀತಾ ಮಗಳೇ?" ನಾನೂ ದಿನಾ, "ಬೆಳೀಲಿ ತಾಳಿ ಅಂಕಲ್, ಆಮೇಲೆ ಯಾವ ಔಷಧ ಅಂತ ಹೇಳ್ತೀವಿ" ಅಂತಿದ್ದೆ.

ಇವತ್ತು, ಫಂಗಸ್ ಸವರಿ ಅದರ ಮೇಲೆ ಔಷಧ ಹಚ್ಚಿದ ಕಾಗದದ ಪಟ್ಟಿ ಇಟ್ಟಿದ್ದ ಪ್ಲೇಟ್ ತೆಗೆದೆ. ಔಷಧ ಕೆಲಸ ಮಾಡಿದ್ರೆ ಪಟ್ಟಿ ಸುತ್ತ ಖಾಲಿ ಜಾಗ ಇರ್ಬೇಕು. ಇರಲೇ ಇಲ್ಲ. ಮೂರು ಪಟ್ಟಿಗೂ ಅಂಟಿಕೊಂಡು, ಬೆಣ್ಣೆ ಸವರಿದ ಹಾಗೆ ಬೆಳೆದಿತ್ತು. ಇಂಥದ್ದನ್ನ ಫೋಟೋದಲ್ಲಷ್ಟೇ ನೋಡಿದ್ದೆ. ಫಂಗಸ್ ಹುಚ್ಚಿ ನಾನು, ತಕ್ಷಣ ಫೋಟೋ ತೆಗೆದು ಗೆಳೆಯರ ವಾಟ್ಸಾಪ್ ಗ್ರೂಪಿಗೆ ಹಾಕ್ದೆ, "ಗುರೂ, ಏನ್ ಬೆಳೆ ನೋಡ್ರೋ" ಅಂತ.

ಅದೇ ಗುಂಗಲ್ಲಿದ್ದಾಗ ಕಿಟಕೀಲಿ ಅವರು. "ಬೆಳೀತಾ?"

"ಸಖತ್ತಾಗಿ ಬೆಳೆದಿದೆ ಅಂಕಲ್" ಅಂದ್ಬಿಟ್ಟೆ.

ಅವರು ಕೈ ಮುಗಿದು, "ನಿನ್ನ ಹೊಟ್ಟೆ ತಣ್ಣಗಿರ್ಲಿ. ಅವನ ಅಮ್ಮಂಗೆ ಹೇಳ್ಬಿಡ್ತೀನಿ" ಅಂತ ಮೆಟ್ಟಿಲು ಹತ್ತಿ ಓಡಿದ್ರು. ನಾನು ಕರೀಲಿಲ್ಲ.

ಹಿಂದೆ ನಿಂತಿದ್ದ ನಮ್ಮ ಲ್ಯಾಬ್ ಮೇಡಂ ಪ್ಲೇಟ್ ತಗೊಂಡು, "ನಮ್ಮ ಹತ್ರ ಇರೋದು ಈ ಮೂರೇ ಔಷಧ ಕಣೇ. ಈಗ ಅವರಿಗೆ ಏನಂತ ಹೇಳ್ತೀಯ?" ಅಂದ್ರು. ಆಮೇಲೆ ನಿಜ ಹೇಳೋಕೆ ಮೇಡಂ ತಾವೇ ಮೇಲೆ ವಾರ್ಡಿಗೆ ಹೋದ್ರು. ವಾಪಸ್ ಬಂದು ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ಫೋಟೋಗೆ ಹಾರ್ಟ್ ಬೀಳ್ತಾನೇ ಇದ್ವು, ಈಗ ಅಳಿಸ್ದೆ. ನಾಳೆ ಅವರು ಮತ್ತೆ ಕಿಟಕಿಗೆ ಬಂದ್ರೆ... ಬರದೇ ಇದ್ರೆ...