ಆರು ಮಂದಿಯ ಆಣೆ

೩ ನವೆಂಬರ್ ೧೯೩೨, ಗುರುವಾರ. ಕಾರವಾರ

ಇವತ್ತೂ ಪ್ರ್ಯಾಕ್ಟೀಸಿಗೆ ತಡ. ಬಾಬಾ ಬಾಗಿಲಲ್ಲೇ ಹಿಡಿದು ಯಾವುದೋ ಕಾಗದಕ್ಕೆ ಸಹಿ ಹಾಕಿಸಿದರು. “ಹದಿನೆಂಟು ತುಂಬಿತಲ್ಲ ಮಗಳೇ, ಇನ್ನು ನಿನ್ನ ಸಹಿಗೂ ಬೆಲೆ ಬಂತು” ಅಂತ ನಗೆ ಬೇರೆ. ಓದಲಿಲ್ಲ. ಓಡಿದೆ.

ಮಂಗಲಾಬಾಯಿಯವರು ಸೀಟಿ ಊದುತ್ತ ನಿಂತಿದ್ದರು. ಈ ಬಾಸ್ಕೆಟ್ ಬಾಲನ್ನು ಪುಣೆಯಿಂದ ತಂದು ನಮ್ಮ ಹೈಸ್ಕೂಲಿನ ಹುಡುಗಿಯರಿಗೆ ಹುಚ್ಚು ಹಿಡಿಸಿದ ಟೀಚರು ಅವರೇ. ನಾವು ಆರು ಜನ. ಮೂವರು ಕಾಯುವವರು, ಮೂವರು ಬುಟ್ಟಿಗೆ ಹಾಕುವವರು. ನಡುವಿನ ಗೆರೆ ಯಾರೂ ದಾಟುವ ಹಾಗಿಲ್ಲ. ನಾನು ಕ್ಯಾಪ್ಟನ್, ಈಚೆ. ಗೆರೆಯಾಚೆ ಹೀರಾ. ನೋಡದೆ ಎಸೆದರೂ ಚೆಂಡು ಅವಳ ಕೈಗೇ ಹೋಗುತ್ತದೆ. ಕುಮಟೆಯವರು ೧೪–೯ಕ್ಕೆ ಸೋತದ್ದು ಹಾಗೆಯೇ. ಇನ್ನು ೨೬ಕ್ಕೆ ಧಾರವಾಡದ ಕಾಲೇಜು ಹುಡುಗಿಯರು. ಬರಲಿ! ಅವರಿಗೇನು ನಾಲ್ಕು ಕೈಯಾ?

೭ ನವೆಂಬರ್, ಸೋಮವಾರ

ಹೀರಾ ಕಣ್ಣು ಊದಿಸಿಕೊಂಡು ಬಂದಳು. ಅಗಸೂರಿನ ಅವರ ಗದ್ದೆ ಹರಾಜಾಯಿತಂತೆ. ಕರ ಕೊಡುವುದಿಲ್ಲ ಎಂದು ಅಂಕೋಲೆಯವರು ಪಟ್ಟು ಹಿಡಿದಿದ್ದಾರಲ್ಲ, ಅದಕ್ಕೆ ಸರಕಾರದ ಜಪ್ತಿ. ಅವಳ ತಂದೆ ಮೊದಲೇ ಜೈಲಿನಲ್ಲಿ. ಊರವರು ಒಬ್ಬರೂ ಸವಾಲು ಕೂಗಲಿಲ್ಲ. ಕೊಂಡದ್ದು ಯಾರೋ ಕಾರವಾರದವರು.

ಮೈಯೆಲ್ಲ ಉರಿದುಹೋಯಿತು. ಯಾವ ಮನೆಹಾಳನೋ ಅವನು! ಆರೂ ಜನರನ್ನು ಕೂರಿಸಿ ಚೆಂಡಿನ ಮೇಲೆ ಕೈ ಇಡಿಸಿ ಆಣೆ ಹಾಕಿಸಿದೆ. ಆ ಗದ್ದೆ ಕೊಂಡ ಮನೆಯ ನೀರು, ಬೆಂಕಿ, ಎಲೆ-ಅಡಿಕೆ ಮುಟ್ಟುವುದಿಲ್ಲ. ಆ ಮನೆಯವರ ಕೈಯಿಂದ ಹುಲ್ಲುಕಡ್ಡಿ ಕೂಡ ತೆಗೆದುಕೊಳ್ಳುವುದಿಲ್ಲ. ಅಂಕೋಲೆ ಕಡೆ ಈಗ ಇದೇ ಕಟ್ಟು. ಹರಾಜು ಹಿಡಿದವರ ಮನೆಗೆ ಮಡಿವಾಳರೂ ಹೋಗುವುದಿಲ್ಲ. ಟೀಮಿನ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ನಾನೇ ಬರೆದೆ. ಮಂಗಲಾಬಾಯಿಯವರು ಕೇಳಿಸದವರ ಹಾಗೆ ಬುಟ್ಟಿಯ ಬಲೆ ಬಿಗಿಯುತ್ತಿದ್ದರು.

ಹೀರಾ ನನ್ನ ಕೈ ಬಿಡಲೇ ಇಲ್ಲ. “ನೀ ಇದ್ದೆ ಹೇಳಿ ಧೈರ್ಯ, ಮಂದಾ.”

೧೨ ನವೆಂಬರ್, ಶನಿವಾರ

ಬಾಬಾ ಪೇಡೆ ತಂದರು. ಯಾಕೆ ಅಂದರೆ ಹೇಳುವುದಿಲ್ಲ. ಆಯಿ ಮಾತ್ರ, “ಇನ್ನು ನಿನ್ನ ಮದುವೆ ಚಿಂತೆ ಇಲ್ಲ” ಅಂದಳು. ಮದುವೆ ಯಾರಿಗೆ ಬೇಕು ಈಗ! ಪೇಡೆ ಟೀಮಿಗೆ ಒಯ್ದೆ. ಹೀರಾ ನನ್ನ ಪಾಲನ್ನೂ ತಿಂದಳು. ಕಳ್ಳಿ.

೨೧ ನವೆಂಬರ್, ಸೋಮವಾರ. ಸಂಜೆ

ಅಕ್ಷರ ನಿಲ್ಲುತ್ತಿಲ್ಲ.

ಆಟ ಮುಗಿಸಿ ಬಂದರೆ ನಮ್ಮ ಮೆಟ್ಟಿಲ ಮುಂದೆ ಚಾಪೆ ಹಾಸಿ ಒಬ್ಬ ಹೆಂಗಸು. ಹತ್ತಿರ ಹೋದೆ — ಹೊನ್ನಮ್ಮ. ಹೀರಾಳ ಅವ್ವಿ! ಕುಮಟೆಗೆ ಹೋಗುವಾಗ ಅಂಕೋಲೆಯಲ್ಲಿ ಮೋಟಾರು ಕೆಟ್ಟು ನಿಂತಾಗ ನಮಗೆಲ್ಲ ಗಂಜಿ ಬಡಿಸಿದವರು.

“ಇಲ್ಲಿ ಯಾಕೆ ಕೂತಿದ್ದೀರಿ? ಒಳಗೆ ಬನ್ನಿ!”

“ಗದ್ದೆ ತಿರುಗಿ ಕೊಡೂ ತನಕ ಇಲ್ಲೇ ಕೂತ್ಕಂತೆ ತಂಗಿ. ಅನ್ನ ಮುಟ್ಟೂದಿಲ್ಲ. ನೀ ಯಂತಕೆ ಬಂದೆ ಈ ಮನೆಗೆ?”

“ಇದು ನಮ್ಮ ಮನೆ.”

ಅವರು ನನ್ನನ್ನೇ ನೋಡಿದರು.

“ಹರಾಜಿನ ಕಾಗದದಲ್ಲಿ ಮಂದಾಕಿನಿ ಹೇಳಿ ಬರ್ದಿತ್ತು. ಯಾರೋ ಮುದುಕಿ ಅಂದ್ಕಂಡಿದ್ದೆ… ಆ ಮಂದಾಕಿನಿ ಅಂದ್ರೆ ನೀನೇಯಾ, ಮಂದಾ?”

ದೇವರೇ. ಆ ಸಹಿ.

ಅದೇ ದಿನ, ರಾತ್ರಿ ಊಟದ ಹೊತ್ತು

ಊಟ ಮಾಡಲಿಲ್ಲ. ಬಾಬಾ ತಲೆ ಎತ್ತದೆ ಹೇಳಿದರು — ಸರಕಾರಿ ನೌಕರಿಯಲ್ಲಿದ್ದವನು ತನ್ನ ಹೆಸರಿನಲ್ಲಿ ಹ್ಯಾಗೆ ಹರಾಜು ಕೂಗಲಿ? ಎಲ್ಲ ನಿನಗಾಗಿಯೇ ಮಾಡಿದ್ದು. ನನಗಾಗಿ! ಮನೆಹಾಳ ಯಾರು ಅಂತ ಬೈದಿದ್ದೆನಲ್ಲ. ನಾನೇ. ಆ ಪೇಡೆ ಹೀರಾ ಎರಡು ತಿಂದಳು…

೨೩ ನವೆಂಬರ್, ಬುಧವಾರ

ಮಡಿವಾಳರ ಗಂಗಿ ಬಟ್ಟೆಯ ಗಂಟನ್ನು ಒಗೆಯದೆ ಬಾಗಿಲಿಗೆ ತಂದಿಟ್ಟು ಹೋದಳು. ಹೀರಾ ದಿನಾ ಬೆಳಿಗ್ಗೆ ಶಿರವಾಡದ ಮಾವನ ಮನೆಯಿಂದ ಅವ್ವಿಗೆ ತಂಬಿಗೆ ನೀರು ತರುತ್ತಾಳೆ. ನನ್ನ ಕಡೆ ತಿರುಗುವುದಿಲ್ಲ.

ಆದರೂ ನಾಚಿಕೆ ಬಿಟ್ಟು ಪ್ರ್ಯಾಕ್ಟೀಸಿಗೆ ಹೋದೆ. ಚೆಂಡು ನನ್ನ ಕೈಗೆ ಬಂತು. ಎಂದಿನ ಹಾಗೆ ಗೆರೆಯಾಚೆ ಎಸೆದೆ. ಹೀರಾ ಕೈ ಕಟ್ಟಿ ನಿಂತಳು. ಚೆಂಡು ಅವಳ ಪಕ್ಕದಲ್ಲೇ ಬಿದ್ದು ಬಾವಿಕಟ್ಟೆಯ ತನಕ ಉರುಳಿತು. ಐದು ಜನರಲ್ಲಿ ಒಬ್ಬರೂ ಎತ್ತಲಿಲ್ಲ. ಮಂಗಲಾಬಾಯಿಯವರು ಸೀಟಿ ಊದಿದರು, ಮತ್ತೆ ಊದಿದರು. ಯಾರೂ ಅಲುಗಲಿಲ್ಲ.

“ಬರ್ದವಳು ನೀನೇ, ಮಂದಾ,” ಅಂದಳು ಹೀರಾ. ಸಿಟ್ಟಿನಿಂದಲ್ಲ. ಸಿಟ್ಟಾದರೂ ಮಾಡಬಾರದಿತ್ತೇ!

ಪುಸ್ತಕ ತೆಗೆದು ನನ್ನ ಹೆಸರು ನಾನೇ ಹೊಡೆದು ಹಾಕಿದೆ.

೨೬ ನವೆಂಬರ್, ಶನಿವಾರ. ಬೆಳಿಗ್ಗೆ

ಆರನೆಯ ದಿನ. ಹೊನ್ನಮ್ಮನ ತುಟಿ ಒಡೆದಿದೆ. ಕಿಟಕಿಯಲ್ಲಿ ನನ್ನನ್ನು ಕಂಡು ಕೇಳಿದರು, “ಇವತ್ತಲ್ದಾ ನಿಮ್ಮ ಆಟ? ನೀ ಯಂತಕೆ ಹೋಗ್ಲಿಲ್ಲ?”

ಇಂಥ ಹೊತ್ತಿನಲ್ಲೂ ಅದನ್ನು ಕೇಳುತ್ತಾರೆ! ಕಿಟಕಿಯ ಸರಳು ಹಿಡಿದು ಅತ್ತುಬಿಟ್ಟೆ. ಅಳುತ್ತಿರುವಾಗಲೇ ಹೊಳೆಯಿತು. ಗದ್ದೆ ನನ್ನ ಹೆಸರಿನಲ್ಲಿದೆ. ಬಾಬಾರದ್ದಲ್ಲ. ನನ್ನ ಸಹಿಗೂ ಬೆಲೆ ಬಂತಂತಲ್ಲ!

ಅದೇ ದಿನ, ಮೂರು ಗಂಟೆ. ಮೆಟ್ಟಿಲ ಮೇಲೆ

ಬರೆದೆ. ಅಗಸೂರಿನ ಗದ್ದೆ ಹೊನ್ನಮ್ಮನವರಿಗೆ ತಿರುಗಿ ಕೊಟ್ಟಿದ್ದೇನೆ, ಸೋಮವಾರ ನಾನೇ ಕಚೇರಿಗೆ ಬಂದು ಪಕ್ಕಾ ಮಾಡಿಸಿಕೊಡುತ್ತೇನೆ. ಕೆಳಗೆ ಸಹಿ, ಈ ಸಲ ಪೂರ್ತಿ ಓದಿ. ಬಾಬಾ ಎಂದರು, “ಆ ಕಾಗದ ಹೊಸ್ತಿಲು ದಾಟಿದರೆ ನೀನೂ ಅದರ ಜೊತೆಗೇ ಹೋಗು.” ಕೂಗಲಿಲ್ಲ, ಮೆಲ್ಲಗೆ ಅಂದರು. ದಾಟಿದೆ. ಹಿಂದೆ ಅಗಳಿ ಬಿದ್ದ ಸದ್ದು. ಒಳಗೆ ಆಯಿ ಅಳುವುದು ಕೇಳುತ್ತಿದೆ. ನನ್ನ ಬಾಬಾ… ನನಗೆ ಅಗಳಿ ಹಾಕಿದರು.

ಹೊನ್ನಮ್ಮ ಕಾಗದವನ್ನು ಕಣ್ಣಿಗೆ ಒತ್ತಿಕೊಂಡು, ದಾರಿಯಲ್ಲಿ ಹೋಗುತ್ತಿದ್ದ ಗಂಗಿಯನ್ನು ಕರೆದು ಕೊಟ್ಟರು. “ಹೀರಾಗೆ ತೋರ್ಸು, ಓಡು.” ಆಮೇಲೆ ಸರಿದು ಚಾಪೆಯಲ್ಲಿ ಜಾಗ ಮಾಡಿದರು.

ಧಾರವಾಡದವರು ಬಂದಿರಬೇಕು. ಐದೇ ಜನ, ಆಡಲು ಬಿಡುತ್ತಾರೋ ಇಲ್ಲವೋ. ಹೀರಾ ಕಾಗದ ನಂಬುತ್ತಾಳೋ ಇಲ್ಲವೋ. ಹಿಂದೆ ಬಾಗಿಲು ಇನ್ನೂ ತೆಗೆದಿಲ್ಲ.

ಬೇಲಿಯ ದಣಪೆಯ ಹತ್ತಿರ ಯಾರೋ ಓಡಿ ಬಂದರು. ಹೀರಾ. ಆಟಕ್ಕೆ ಬಿಗಿದ ಕಚ್ಚೆ ಹಾಗೆಯೇ ಇದೆ, ಏದುಸಿರು. ಒಂದು ಕೈಯಲ್ಲಿ ನನ್ನ ಕಾಗದ. ಇನ್ನೊಂದು ಕಂಕುಳಲ್ಲಿ ಚೆಂಡು. ನನ್ನನ್ನೇ ನೋಡುತ್ತಿದ್ದಾಳೆ. ಕಾಗದ ಹಲ್ಲಿನಲ್ಲಿ ಕಚ್ಚಿದಳು. ಚೆಂಡು ಎತ್ತಿದಳು. ಪೆನ್ಸಿಲು ಕೆಳಗಿಡಬೇಕು, ಎರಡೂ ಕೈ ಬೇ—