ಇರುವೆಯ ಮಾತು ಕೇಳಿದ ಅರಸ

ಗುಡಗೇರಿ
೧೪ ಡಿಸೆಂಬರ್ ೨೦೨೪

ಪ್ರೀತಿಯ ಮಗಳು ಫಾತಿಮಾಬಿಗೆ,

ನಿನ್ನ ಅಮ್ಮಿಯ ಸಲಾಮು ಮತ್ತು ದುವಾ. ಅಣ್ಣಿಗೇರಿಯಲ್ಲಿ ನೀನೂ ಅಳಿಯಂದಿರೂ ಆರೋಗ್ಯವಾಗಿದ್ದೀರೆಂದು ತಿಳಿದುಕೊಂಡಿದ್ದೇನೆ. ತಿಳಿದುಕೊಂಡಿದ್ದೇನೆ ಅಷ್ಟೇ. ಫೋನು ಮಾಡಿದರೆ ‘ಆರಾಮ ಅದೀನಿ’ ಅನ್ನುತ್ತೀ, ಇಟ್ಟುಬಿಡುತ್ತೀ. ಎರಡು ರಂಜಾನ್ ಹೋದವು, ನೀನು ಈ ಮನೆಯ ಹೊಸ್ತಿಲು ತುಳಿಯಲಿಲ್ಲ. ಕಾಗದವಾದರೆ ನಡುವೆ ಇಟ್ಟುಬಿಡಲು ಬರುವುದಿಲ್ಲ, ಮಡಚಿಟ್ಟರೂ ಇನ್ನೊಮ್ಮೆ ತೆಗೆದು ನೋಡಬೇಕಾಗುತ್ತದೆ ಎಂದು ಬರೆಯಲು ಕುಳಿತೆ.

ಬಕ್ರೀದಿಗೇ ಬರೆಯಬೇಕಿತ್ತು, ತಡವಾಯಿತು, ಸಿಟ್ಟಾಗಬೇಡ. ಹಲೀಮಾಬಿ ಚಾಚಿಯ ಕಣ್ಣಿನ ಆಪರೇಷನ್ ಆಯಿತು, ಹೊತ್ತು ಹೊತ್ತಿಗೆ ಅವಳ ಮನೆಗೆ ಊಟ ಒಯ್ಯುವುದಿತ್ತು. ಅದೆಲ್ಲ ನೆವ, ಬಿಡು. ಬರೆಯಲು ಧೈರ್ಯವಾಗಲಿಲ್ಲ. ಉರ್ದು ನನಗೆ ಓದಲು ಬರುತ್ತದೆ, ಬರೆಯಲು ಬಾರದು. ಕುಂದಗೋಳದ ಶಾಲೆಯಲ್ಲಿ ಕಲಿತ ಕನ್ನಡವೇ ನನ್ನ ಕೈಗೆ ಗತಿ. ನೀನೋ ಕನ್ನಡ ಶಾಲೆಯ ಟೀಚರು. ತಪ್ಪು ಕಂಡರೆ ಕೆಂಪು ಶಾಯಿಯಲ್ಲಿ ಗೀಚಬೇಡ, ತಾಯಿ ಬರೆದದ್ದು ಅಂತ ಬಿಟ್ಟುಬಿಡು.

ಹೇಳಬೇಕಾದ ಸುದ್ದಿ ನಿನ್ನ ಅಬ್ಬಾನದು. ಗಾಬರಿಯಾಗಬೇಡ, ಮೈಗೆ ಏನೂ ಆಗಿಲ್ಲ. ಆದರೆ ನಿನ್ನೆ ಸಂಜೆಯಿಂದ ಕುಲುಮೆ ಹೊತ್ತಿಸಿಲ್ಲ. ಬೆಳಗಾದರೆ ಕುಂಟೆಯ ಕಬ್ಬಿಣದ ಕುಡ ಬಡಿಯುವ ಸಪ್ಪಳಕ್ಕೆ ಬೈದುಕೊಂಡು ಏಳುತ್ತಿದ್ದವಳು ನಾನು. ಇವತ್ತು ಸಪ್ಪಳವಿಲ್ಲದೆ ಎಚ್ಚರವಾಗಿ ಎದೆ ಹಾರಿತು.

ಶುಕ್ರವಾರ, ಜುಮ್ಮಾದ ದಿನ ಸಂಜೆ ನಮ್ಮ ಅಂಗಡಿಯ ಮುಂದೆ ಮಂದಿ ಸೇರುವುದು ನಿನಗೆ ಗೊತ್ತೇ ಇದೆ. ನಮ್ಮವರು ಮಾತ್ರವಲ್ಲ, ಇಡೀ ಊರಿನ ಒಕ್ಕಲುತನದವರು ಬರುತ್ತಾರೆ. ಹಳೆಯ ಇಸ್ರಾಯೀಲರ ಅರಸರ ಕಥೆ ಅಂದರೆ ನಿನ್ನ ಅಬ್ಬಾನಿಗೆ ಪ್ರಾಣ. ತಾಲೂತ್, ದಾವೂದ್, ಸುಲೈಮಾನ್ ಮೂವರೂ ಬಾಜೂ ಓಣಿಯವರೇನೋ ಅನ್ನುವ ಹಾಗೆ ಹೇಳುತ್ತಾರೆ. ಅಲ್ಲಾಹನು ದಾವೂದರ ಕೈಯಲ್ಲಿ ಕಬ್ಬಿಣವನ್ನು ಮೆತ್ತಗೆ ಮಾಡಿದನಂತೆ. ಅಷ್ಟು ಸಾಕಲ್ಲ, ಅವರು ತಮ್ಮ ಕಸುಬಿನವರೇ ಎಂದು ಇವರು ಹಿಡಿದುಬಿಟ್ಟಿದ್ದಾರೆ. ಕಥೆ ಹೇಳಿ ಹೇಳಿ ಊರ ನ್ಯಾಯವೂ ಇವರ ಮುಂದೆಯೇ ಬರತೊಡಗಿತು. ಬೇಸಿಗೆಯಲ್ಲಿ ನಳದ ಮುಂದೆ ಜಗಳವಾದಾಗ ತಾಲೂತರ ಕಥೆ ಹೇಳಿದರು. ಆ ಅರಸ ಬಾಯಾರಿದ ದಂಡನ್ನು ಹೊಳೆಯ ದಂಡೆಗೆ ನಿಲ್ಲಿಸಿ, ಒಂದು ಬೊಗಸೆಗಿಂತ ಹೆಚ್ಚು ಕುಡಿದವನು ನನ್ನ ಜೊತೆ ಬರುವುದು ಬೇಡ ಅಂದನಂತೆ.

“ನೀರಡಿಕಿ ತಡಕೊಳ್ಳಾಕ ಆಗದಾಂವ ಯುದ್ಧ ಏನ್ ಗೆಲ್ತಾನ? ನೀವೂ ಕೊಡಾ ಕೆಳಗ ಇಡ್ರಿ” ಅಂದರು. ಹೆಂಗಸರು ನಕ್ಕು ಸಾಲು ಹಿಡಿದರು. ಅಂಥ ದಿನ ನನಗೂ ಹೆಮ್ಮೆಯೇ. ಅವರ ಮುಂದೆ ಹೇಳುವುದಿಲ್ಲ, ಅಷ್ಟೇ.

ಈಗ ಆದದ್ದು ಕುರಿಯ ನ್ಯಾಯ. ಕಡಲೆಗಿಡ ಎಳೆಯದಾಗಿದ್ದಾಗ ಕುಡಿ ಚಿವುಟಬೇಕು, ಚಿವುಟಿದರೆ ಗಿಡ ಟಿಸಿಲೊಡೆಯುತ್ತದೆ. ಚಿಕ್ಕವಳಿದ್ದಾಗ ನೀನು ನನ್ನ ಜೊತೆ ಹೋಗಿ ಉಡಿ ತುಂಬ ಕುಡಿ ಚಿವುಟಿ ತರುತ್ತಿದ್ದೆ, ಪಲ್ಯ ಮಾಡಿದರೆ ಹುಳಿ ಎಂದು ಮುಖ ಕಿವುಚುತ್ತಿದ್ದೆ. ಈಗ ಚಿವುಟಲು ಆಳು ಸಿಗುವುದಿಲ್ಲ. ಕುರಿಯವರು ಊರಿಗೆ ಬಂದರೆ ಕಡಲೆಯ ಹೊಲದಲ್ಲಿ ಒಂದು ಸುತ್ತು ಕುರಿ ಹಾಯಿಸುತ್ತಾರೆ. ಅವು ಕುಡಿ ಕಚ್ಚಿಕೊಂಡು ಮುಂದೆ ಹೋಗುತ್ತವೆ, ಕೆಲಸ ಆಯಿತು. ಆದರೆ ಹೂ ಬಿಡುವ ಮೊದಲು ಹಾಯಿಸಬೇಕು. ಹೂ ಬಂದ ಮೇಲೆ ಹಾಯಿಸಿದರೆ ಬೆಳೆ ಹೋದಂತೆಯೇ.

ಸೋಮವಾರ ಬೆಳಿಗ್ಗೆ ಕಾಶಿನಾಥ ಅಂಗಡಿಗೆ ಬಂದ. ಸ್ಟೇಶನ್ ಕಡೆಯ ಹೊಲದವನು, ಅಣ್ಣನ ಜೊತೆ ಒಕ್ಕಲುತನ ಮಾಡಿಕೊಂಡಿದ್ದಾನೆ. ಕೈತುಂಬ ಬೋಳಾದ ಕಡಲೆಗಿಡ ಹಿಡಿದು ಅಳುತ್ತಿದ್ದ.

“ನೋಡ್ರಿ ಕಾಕಾ, ಹೂವಿಗೆ ಬಂದ ಕಡಲಿ! ಕುರಿಯವ್ರು ಹೇಳದ ಕೇಳದ ನುಗ್ಗಿಸಿ ಮೇಯಿಸ್ಯಾರ. ಅಣ್ಣಗ ಏನಂತ ಹೇಳ್ಲಿ ನಾನು?”

ಮಂದಿ ಕೂಡಿದರು. ಗಂಡಸು ಅತ್ತರೆ ನಿನ್ನ ಅಬ್ಬಾ ಕರಗಿಹೋಗುತ್ತಾರೆ. ಅದರ ಮೇಲೆ, ಎಲ್ಲರೂ ತಮ್ಮ ಬಾಯನ್ನೇ ನೋಡುತ್ತಿದ್ದಾರೆ ಅನ್ನುವ ಹುರುಪು ಬೇರೆ. “ದಾವೂದ್ ಅರಸರ ಮುಂದ ಇಂಥಾದ ನ್ಯಾಯ ಬಂದಿತ್ತು. ಹೊಲಾ ಮೇಯ್ದ ಕುರಿ ಹೊಲದಾಂವಗ ಅಂತ ಅವ್ರು ಅಂದ್ರು” ಎಂದು ಹೇಳಿಯೇಬಿಟ್ಟರು. ಮೇಯ್ದ ಕುರಿಗಳಲ್ಲಿ ಒಂದಷ್ಟನ್ನು ಕಾಶಿನಾಥ ತನ್ನ ಹಿತ್ತಲಿಗೆ ಹೊಡೆದುಕೊಂಡು ಹೋಗಬೇಕು ಎಂದು ತೀರ್ಪಾಯಿತು.

ಅದೇ ಕಥೆಯಲ್ಲಿ ಮುಂದೆ ಹುಡುಗ ಸುಲೈಮಾನ್ ಎದ್ದು, ಕುರಿಯನ್ನು ಪೂರಾ ಕೊಡುವುದು ಬೇಡ, ಹೊಲ ಮೊದಲಿನಂತಾಗುವ ತನಕ ಹೊಲದವನು ಹಾಲು, ಉಣ್ಣೆ ತೆಗೆದುಕೊಳ್ಳಲಿ, ಆಮೇಲೆ ಅವರವರದು ಅವರವರಿಗೆ ಅನ್ನುತ್ತಾನೆ. ಮಗನ ಮಾತು ಸರಿ ಎಂದು ದಾವೂದರು ಒಪ್ಪಿಕೊಳ್ಳುತ್ತಾರೆ. ನೂರು ಸಲ ಹೇಳಿದ ಆ ಭಾಗ ಅವತ್ತು ಇವರ ಬಾಯಿಗೆ ಬರಲೇ ಇಲ್ಲ.

ಕುರಿ ಮೈಲಾರವ್ವನದು. ಅವಳ ಗಂಡ ಹೊಳೆಪ್ಪ ಮುಂದಿನ ಮೇವು ನೋಡಲು ದೇವಿಕೊಪ್ಪದ ಕಡೆ ಹೋಗಿದ್ದ. ಒಬ್ಬಳೇ ಬಡಿಗೆ ಹಿಡಿದು ಗಂಡಸರ ಗುಂಪಿನ ಹೊರಗೆ ನಿಂತಿದ್ದಳು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ.

“ಕಾಕಾರ, ನಂದೊಂದ ಮಾತ ಕೇಳ್ರಿ” ಅಂದಳು.

“ನ್ಯಾಯ ಮುಗದೈತೆವ್ವಾ. ನಿನ್ನ ಗಂಡ ಬರಲಿ, ಅವನ ಕೂಡ ಮಾತಾಡ್ತೀನಿ.”

“ಅದರಾಗ ಮರಿಗೆ ಹಾಲ ಕುಡಿಸೂ ಕುರಿ ಅದಾವ್ರೀ!” ಎಂದು ಕೂಗಿದಳು. ಅಷ್ಟರಲ್ಲಿ ಎಲ್ಲರೂ ಎದ್ದಿದ್ದರು.

ಮಧ್ಯಾಹ್ನ ನಮ್ಮ ಹಿತ್ತಲ ಬಾಗಿಲಿಗೆ ಬಂದು ನೀರು ಕೇಳಿದಳು. ಕುಡಿದು, ತಂಬಿಗೆಯನ್ನು ಕೈಯಲ್ಲೇ ಹಿಡಿದುಕೊಂಡು ಹೇಳಿದಳು: “ಅಕ್ಕಾರ, ಕುಡಿ ಕಡಿಸಾಕ ಕುರಿ ಹಾಯಿಸು ಅಂತ ಕಾಶಿನಾಥನ ಅಂದಿದ್ದ. ರಸ್ತೆದಾಗ ನಿಂತು, ಆ ಬದುವಿನ ತನಕಾ ಹಾಯಿಸು ಅಂತ ಕೈ ಮಾಡಿ ತೋರಿಸ್ದ. ಅದರಾಗ ಮುಂದಿನ ಪಟ್ಟಿ ಮೊದಲ ಬಿತ್ತಿದ್ದು, ಹೂವಿಗೆ ಬಂದೈತಿ ಅನ್ನೂದು ಅವಂಗ ನೆನಪಿರಲಿಲ್ಲ. ಮುಂಜಾನಿ ಮಂಜಿನ್ಯಾಗ ನನಗೂ ಕಾಣಲಿಲ್ಲರೀ.”

ಅವತ್ತು ರೊಟ್ಟಿ ಬಡಿಸುವಾಗ ಇದನ್ನು ನಿನ್ನ ಅಬ್ಬಾನಿಗೆ ಹೇಳಿದೆ. “ಹೊಳೆಪ್ಪ ಬಂದ ಮ್ಯಾಲೆ ಕೇಳೂಣು, ನೀ ಸುಮ್ಮನಿರು” ಅಂದರು. ನನಗೆ ತಡೆಯಲಾಗಲಿಲ್ಲ.

“ಸುಲೈಮಾನ್ ಅರಸ ದಂಡು ತಗೊಂಡ ಹೊಂಟಾಗ ಒಂದು ಇರಬಿ ತನ್ನವರಿಗೆ ಹೇಳ್ತಂತ, ಗೂಡಿನ್ಯಾಗ ಹೋಗ್ರಿ, ಇವರು ಕಾಣದ ತುಳದಾರು ಅಂತ. ಅಷ್ಟ ದೊಡ್ಡ ಅರಸ ಆ ಇರಬಿ ಮಾತ ಕೇಳಿ ನಕ್ಕ, ದೇವರಿಗೆ ಕೈ ಮುಗದ. ಇದನ್ನ ನೀವ ಹೇಳಿದ್ದು. ನಿಮ್ಮ ಅಂಗಡಿ ಮುಂದ ನಿಂತ ಹೆಣಮಗಳ ಮಾತ ನಿಮಗ ಕೇಳಿಸಲಿಲ್ಲ.”

ತಾಟನ್ನು ಸರಿಸಿ ಎದ್ದುಹೋದರು. ಅವತ್ತು ಸಿಟ್ಟಿನಿಂದ ಎದ್ದರು.

ಬುಧವಾರ ಬೆಳಿಗ್ಗೆ ಮೈಲಾರವ್ವ ಮತ್ತೆ ಬಂದಳು. ಕಂಬಳಿಯಲ್ಲಿ ಏನೋ ಸುತ್ತಿಕೊಂಡು ಬಂದು ಅಂಗಡಿಯ ಕಟ್ಟೆಯ ಮೇಲೆ ಇಟ್ಟು ಬಿಚ್ಚಿದಳು. ಸತ್ತ ಕುರಿಮರಿ. ತಾಯಿ ಕಾಶಿನಾಥನ ಹಿತ್ತಲಲ್ಲಿತ್ತು, ಮರಿ ಅವರ ಕುರಿಹಟ್ಟಿಯಲ್ಲಿ ಉಳಿದಿತ್ತು. ಬೇರೆ ಕುರಿಗಳು ಅದಕ್ಕೆ ಮೊಲೆ ಕೊಟ್ಟಿರಲಿಲ್ಲ. ಅವಳು ಅಳಲಿಲ್ಲ, ಶಾಪ ಹಾಕಲಿಲ್ಲ.

“ಕಾಕಾರ, ಈಗರೆ ಕೇಳ್ತೀರೇನ್ರಿ?” ಅಂದಳು.

ನಿನ್ನ ಅಬ್ಬಾ ಚಪ್ಪಲಿಯನ್ನೂ ಮೆಟ್ಟದೆ ಕಾಶಿನಾಥನ ಮನೆಗೆ ಹೋದರು. ನಾನೂ ಸೆರಗು ಹೊದ್ದು ಹಿಂದೆ ಹೋದೆ. “ಕುರಿ ಹಾಯಿಸು ಅಂದಾಂವ ನೀನ ಹೌದೋ ಅಲ್ಲೋ?” ಎಂದು ಕೇಳಿದರು. ಅವನು ತಲೆ ತಗ್ಗಿಸಿದ. “ಹೌದ್ರಿ ಕಾಕಾ. ಅಣ್ಣಗ ಅಂಜಿ ಸುಳ್ಳ ಹೇಳಿದೆ.” ಕುರಿಗಳನ್ನು ಬಿಟ್ಟ ಕೂಡಲೇ ಅವು ಅರಚುತ್ತ ಹಟ್ಟಿಗೆ ಓಡಿದವು. ಒಂದು ಮಾತ್ರ ಪ್ರತಿ ಮರಿಯನ್ನೂ ಮೂಸಿ ನೋಡುತ್ತ ಸುತ್ತುತ್ತಿತ್ತು. ಅದನ್ನು ನಿಂತು ನೋಡಲು ನನ್ನಿಂದಾಗಲಿಲ್ಲ. ಸಂಜೆಗೆ ಹೊಳೆಪ್ಪ ಬಂದ. ಗಂಡ ಹೆಂಡತಿ ಹಟ್ಟಿ ಕಿತ್ತುಕೊಂಡು ಊರು ಬಿಟ್ಟರು. ಮೈಲಾರವ್ವ ನಾಲ್ಕು ಮಾತು ಬೈದು ಹೋಗಿದ್ದರೆ ಚೆನ್ನಾಗಿತ್ತು. ನಿನ್ನ ಅಬ್ಬಾನಿಗೆ ಅಷ್ಟಾದರೂ ಹಗುರಾಗುತ್ತಿತ್ತು.

ನಿನ್ನೆ ಜುಮ್ಮಾ. ಯಥಾಪ್ರಕಾರ ಮಂದಿ ಬಂದರು. ಇವರು ಕೆಳಗೆ ನೆಲದ ಮೇಲೆ ಕುಳಿತು ದಾವೂದರ ಇನ್ನೊಂದು ಕಥೆ ಹೇಳಿದರು. ಅರಸರು ಒಬ್ಬರೇ ಪ್ರಾರ್ಥನೆಯಲ್ಲಿದ್ದಾಗ ಇಬ್ಬರು ಗೋಡೆ ಹತ್ತಿ ಒಳಗೆ ಬಂದರಂತೆ. ಒಬ್ಬ ಹೇಳಿದ, ಇವನಿಗೆ ತೊಂಬತ್ತೊಂಬತ್ತು ಕುರಿಗಳಿವೆ, ನನಗಿರುವುದು ಒಂದೇ, ಅದನ್ನೂ ಕೊಡು ಅನ್ನುತ್ತಾನೆ. ಇನ್ನೊಬ್ಬನು ಬಾಯಿ ತೆರೆಯುವ ಮೊದಲೇ ದಾವೂದರು ತೀರ್ಪು ಹೇಳಿಬಿಟ್ಟರು. ಹೇಳಿದ ಮೇಲೆ ಹೊಳೆಯಿತು, ಇದು ದೇವರು ತಮ್ಮನ್ನು ಪರೀಕ್ಷೆ ಮಾಡಿದ್ದು ಅಂತ. ಅಲ್ಲಿಯೇ ಬಾಗಿ ಬಿದ್ದು ಕ್ಷಮೆ ಕೇಳಿದರು. ದೇವರು ಕ್ಷಮಿಸಿದ.

“ಇಷ್ಟ ವರ್ಷ ಇದನ್ನ ನಿಮಗ ಹೇಳೀನಿ. ನಾ ಕೇಳಿಲ್ಲ” ಅಂದರು. “ನ್ಯಾಯಾ ಅಂತ ನನ್ನ ಕಡೆ ಇನ್ನ ಬರಬ್ಯಾಡ್ರಿ.” ಒಬ್ಬೊಬ್ಬರೇ ಎದ್ದು ಹೋದರು. ಆಮೇಲೆ ಇವರು ಮನೆಯಲ್ಲಿ ನಮಾಜಿಗೆ ನಿಂತು, ಸಜ್ದಾದಲ್ಲಿ ಹಣೆ ನೆಲಕ್ಕಿಟ್ಟವರು ಏಳಲೇ ಇಲ್ಲ. ಏನಾಯಿತೋ ಎಂದು ಹತ್ತಿರ ಹೋದೆ. ಭುಜ ಅಲುಗುತ್ತಿತ್ತು. ಮದುವೆಯಾಗಿ ಬಂದ ಮೇಲೆ ಅವರು ಅತ್ತದ್ದನ್ನು ನಾನು ಕಂಡಿರಲಿಲ್ಲ, ಫಾತಿಮಾ. ನನಗೆ ಹೆದರಿಕೆಯಾಗಿದೆ. ದೇವರು ದಾವೂದರನ್ನು ಕ್ಷಮಿಸಿದ, ಸರಿ. ಆ ಕುರಿ ಕ್ಷಮಿಸುತ್ತದೆಯೇ?

ಹೀಗಿದೆ ಇಲ್ಲಿಯ ಸಂಗತಿ. ಚಳಿ ಜಾಸ್ತಿ, ಶಾಲೆಗೆ ಹೋಗುವಾಗ ಸ್ವೆಟರ್ ಹಾಕಿಕೋ. ಹಲೀಮಾಬಿ ಚಾಚಿ, ಕಣ್ಣು ಬಂತಲ್ಲ, ಇನ್ನು ನಿನ್ನ ಮುಖ ನೋಡಬೇಕು ಅನ್ನುತ್ತಿದ್ದಾಳೆ. ಅಲ್ಲಾಹನು ನಿನ್ನ ಕೈಕಾಲು ಗಟ್ಟಿ ಇಡಲಿ, ನಿನ್ನ ಮನಸ್ಸಿಗೆ ತಂಪು ಕೊಡಲಿ, ನಿನ್ನ ತಲೆಯ ಮೇಲೆ ಯಾವಾಗಲೂ ನೆರಳಿರಲಿ.

ನಿನ್ನ ಅಮ್ಮಿ,
ಖಾಸಿಂಬಿ

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ಈಗ ನಿನ್ನ ಅಬ್ಬಾ ಬಂದು ಬಾಜೂಕ್ಕೆ ಕುಳಿತಿದ್ದಾರೆ. ಯಾರಿಗೆ ಬರೆಯುತ್ತಿದ್ದೀ ಎಂದು ಕೇಳಲಿಲ್ಲ, ಅವರಿಗೆ ಗೊತ್ತಾಗಿದೆ.

ಎರಡು ರಂಜಾನಿನ ಹಿಂದೆ ಅವತ್ತು ನೀನು ಬ್ಯಾಗು ಹಿಡಿದು ಒಬ್ಬಳೇ ರೈಲಿಳಿದು ಬಂದದ್ದು, ನಿನಗಿಂತ ಮೊದಲೇ ಅಳಿಯಂದಿರ ಫೋನು ಬಂದದ್ದು, ಅವರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಇವರು ಅಂಗಡಿಯ ಮುಂದೆಯೇ ನಿನ್ನನ್ನು ನಿಲ್ಲಿಸಿ ‘ಹೊಳ್ಳಿ ಹೋಗವ್ವಾ, ಸಂಸಾರ ಅಂದಮ್ಯಾಲೆ ಇರೂದ’ ಅಂದದ್ದು, ಇದನ್ನು ಈ ಮನೆಯಲ್ಲಿ ನಾವು ಇಲ್ಲಿಯ ತನಕ ಮಾತಾಡಿರಲಿಲ್ಲ. ‘ಅಬ್ಬಾ, ಒಂದ ಮಾತು’ ಎಂದು ನೀನು ಅಂದದ್ದು ಒಲೆಯ ಮುಂದೆ ನನಗೆ ಕೇಳಿಸಿತ್ತು. ಚಹಾಕ್ಕೆ ಇಟ್ಟ ನೀರು ಕುದಿದು ನಾನು ಹೊರಗೆ ಬರುವಷ್ಟರಲ್ಲಿ ನೀನು ಸ್ಟೇಶನ್ ಹಾದಿ ಹಿಡಿದಿದ್ದೆ. ಹಿಂದಿರುಗಿ ನೋಡಲಿಲ್ಲ.

ಮೊನ್ನೆ ಕಾಶಿನಾಥನ ಹಿತ್ತಲಿಂದ ಬರುವಾಗ ಇವರು ಕೇಳಿದರು, “ಅವತ್ತ ಅಕಿ ಏನ್ ಹೇಳಾಕ ಬಂದಿದ್ಲು?” ನನಗೆ ಗೊತ್ತಿಲ್ಲ ಅಂದೆ. ತಾಯಿಯಾಗಿ ನಿನಗೂ ಗೊತ್ತಿಲ್ಲವೇ ಅನ್ನುವ ಹಾಗೆ ನನ್ನ ಮುಖ ನೋಡಿದರು. ಗೊತ್ತಿಲ್ಲ, ಮಗಳೇ.

ಈಗ ತಮ್ಮ ಹೆಸರಿನಲ್ಲೂ ಒಂದು ಮಾತು ಬರೆ ಅನ್ನುತ್ತಿದ್ದಾರೆ. ಏನು ಬರೆಯಲಿ ಅಂದೆ. “ಬಾ ಅಂತ ಬರಿ. ಈ ಸಲ ನಾ ಏನೂ ಹೇಳೂದಿಲ್ಲ, ಅಕಿ ಹೇಳಲಿ, ನಾ ಕೇಳ್ತೀನಿ ಅಂತ ಬರಿ. ಬರಾಕ ಮನಸ ಇಲ್ಲಂದ್ರ, ಅಲ್ಲಿಂದನ ಹೇಳಲಿ. ಅವತ್ತ ಏನ್ ಹೇಳಾಕ ಬಂದಿದ್ದೆವ್ವಾ ಅಂತ ಕೇಳಿ ಬರಿ.”

ಬರೆದಿದ್ದೇನೆ.